ಬಿಎಸ್‌ಡಿ ಸರ್ವರ್ ಬ್ಯಾಕಪ್‌ಗೆ ಯುಎಸ್‌ಬಿ ಡಿಸ್ಕ್: ಯುಎಫ್‌ಎಸ್ಸೋ, ಜೆಡ್‌ಎಫ್‌ಎಸ್ಸೋ, ಸುಮ್ನೆ ಫ್ಯಾಟೋ?

ಮದುವೆ ಸೀಸನ್‌ನ ಒಂದು ಮಧ್ಯಾಹ್ನ. ಮೈಸೂರಿನ ಸರಸ್ವತಿಪುರಂನಲ್ಲಿರುವ ಗೆಳೆಯನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹಿಂದಿನ ವರ್ಷದ ಒಂದು ಲಗ್ನಪತ್ರಿಕೆಯ ಫೈಲ್ ಬೇಕಾಗಿತ್ತು. ಸರ್ವರ್‌ನಲ್ಲಿ (ಅದು ಓಡೋದು ಬಿಎಸ್‌ಡಿ ಮೇಲೆ, ಅಂದರೆ ಲಿನಕ್ಸ್ ಥರದ, ಯೂನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಂ) ಯಾರೋ ಅದನ್ನು ಅಳಿಸಿಬಿಟ್ಟಿದ್ದರು. ನಾನು ಮಂಡ್ಯದ ಮನೆಯಲ್ಲಿದ್ದೆ. ಪ್ರೆಸ್ಸಿನ ಹುಡುಗ ಚುರುಕು. ಬೀರುವಿನಿಂದ ಬ್ಯಾಕಪ್ ಡಿಸ್ಕ್ ತೆಗೆದ, ಸರ್ವರ್‌ಗೆ ಹಾಕುವ ಬದಲು ಮುಂದಿದ್ದ ವಿಂಡೋಸ್ ಲ್ಯಾಪ್‌ಟಾಪ್‌ಗೆ ಚುಚ್ಚಿದ. ಬಳಸುವ ಮುಂಚೆ ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲಾ ಅಂತ ವಿಂಡೋಸ್ ಕೇಳಿತು. ಅವನು ನನಗೆ ಫೋನ್ ಮಾಡಿ, "ಅಣ್ಣಾ, ಒತ್ಲಾ?" ಅಂದ.

ಫೋನ್ ಮಾಡಿದ್ದೇ ಪುಣ್ಯ.

ತಪ್ಪು ಅವನದಲ್ಲ, ನನ್ನದು. ಅಂಗಡಿಯಿಂದ ಬಂದಾಗ ಡಿಸ್ಕಿನಲ್ಲಿದ್ದ ಪಾರ್ಟಿಷನ್ ಟೇಬಲ್ (ಡಿಸ್ಕಿನ ಯಾವ ಭಾಗದಲ್ಲಿ ಏನಿದೆ ಅನ್ನೋ ಪಟ್ಟಿ) ಹಾಗೇ ಬಿಟ್ಟು, ಒಳಗಿನ ಪಾರ್ಟಿಷನ್ ಮೇಲೆ ನೇರವಾಗಿ ಬಿಎಸ್‌ಡಿಯ ಹಳೇ ಫೈಲ್‌ಸಿಸ್ಟಂ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಪದ್ಧತಿ) ಆದ ಯುಎಫ್‌ಎಸ್ ಕೂರಿಸಿದ್ದೆ. ಬಾಗಿಲ ಮೇಲಿನ ಬೋರ್ಡ್ ವಿಂಡೋಸಿನ ಎನ್‌ಟಿಎಫ್‌ಎಸ್, ಒಳಗೆ ಬಾಡಿಗೆಗೆ ಇರೋದು ಯುಎಫ್‌ಎಸ್. ಬೋರ್ಡ್ ನಂಬಿ ಒಳಗೆ ಹೋದ ವಿಂಡೋಸ್‌ಗೆ ಏನೂ ಅರ್ಥವಾಗಲಿಲ್ಲ, ಒರೆಸಿಬಿಡಲಾ ಅಂತ ಕೇಳಿತು. ಜಿಪಿಟಿ ಅನ್ನೋ ಬಗೆಯ ಪಾರ್ಟಿಷನ್ ಟೇಬಲ್ ಹೊಸದಾಗಿ ಬರೆದು, ಪಾರ್ಟಿಷನ್‌ಗೆ ಫ್ರೀಬಿಎಸ್‌ಡಿ-ಯುಎಫ್‌ಎಸ್ ಅನ್ನೋ ಸರಿಯಾದ ಟೈಪ್ ಕೊಟ್ಟಿದ್ದರೆ ವಿಂಡೋಸ್ ಸಾಮಾನ್ಯವಾಗಿ ಅದಕ್ಕೆ ಡ್ರೈವ್ ಅಕ್ಷರವನ್ನೇ ಕೊಡಲ್ಲ, ಸುಮ್ನೆ ಇರುತ್ತೆ. ಎರಡು ನಿಮಿಷದ ಸೋಮಾರಿತನಕ್ಕೆ ಒಂದು ವರ್ಷದ ಕೆಲಸ ಹೋಗುತ್ತಿತ್ತು.

ಆವತ್ತಿನಿಂದ ಡಿಸ್ಕ್ ಸೆಟಪ್ ಮಾಡುವಾಗ ನಾನು ಕೇಳಿಕೊಳ್ಳುವ ಪ್ರಶ್ನೆಯೇ ಬೇರೆಯಾಯಿತು. ಯಾವುದು ಫಾಸ್ಟ್, ಯಾವುದರಲ್ಲಿ ಫೀಚರ್ ಜಾಸ್ತಿ ಅನ್ನೋದು ಆಮೇಲೆ. ಫೈಲ್ ವಾಪಸ್ ತೆಗೆಯಬೇಕಾದ ದಿನ ಈ ಡಿಸ್ಕ್ ಯಾರ ಕೈಯಲ್ಲಿರುತ್ತೆ? ಅವರ ಎದುರಿಗೆ ಯಾವ ಮಷೀನ್ ಇರುತ್ತೆ? ಮೊದಲು ಇದು. ಕೆಳಗಿನ ಹೋಲಿಕೆಯನ್ನೆಲ್ಲ ಈ ಪ್ರಶ್ನೆ ಇಟ್ಟುಕೊಂಡೇ ಮಾಡಿದ್ದೇನೆ.

ನಾನು ನೋಡಿಕೊಳ್ಳುವುದು ಎರಡು ಮಷೀನ್. ಪ್ರೆಸ್ಸಿನಲ್ಲಿ ಒಂದು ಹಳೇ ಡೆಸ್ಕ್‌ಟಾಪ್, ಅದರಲ್ಲಿ ಫ್ರೀಬಿಎಸ್‌ಡಿ, ಸಾಂಬಾ ಮೂಲಕ ಎಲ್ಲರಿಗೂ ಫೈಲ್ ಹಂಚುತ್ತೆ, ಸುಮಾರು 600 ಜಿಬಿ ಡೇಟಾ. ಮಂಡ್ಯದ ಮನೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ, ಅದರಲ್ಲಿ ಅದೇ ಮನೆತನದ ಓಪನ್‌ಬಿಎಸ್‌ಡಿ, ಫೈರ್‌ವಾಲ್ ಮತ್ತು ಮೇಲ್ ಕೆಲಸ, ಡೇಟಾ 20 ಜಿಬಿ ಕೂಡ ಇಲ್ಲ. ಎರಡಕ್ಕೂ ನಾನು ಆರಿಸಿಕೊಂಡ ದಾರಿ ಬೇರೆ ಬೇರೆ.

ಇನ್ನೊಂದು ಮಾತು. ಕಮಾಂಡುಗಳನ್ನು ಇಲ್ಲಿ ಅಕ್ಷರಕ್ಕಕ್ಷರ ಕೊಟ್ಟಿಲ್ಲ, ಬೇಕಂತಲೇ. ಸಿಸ್ಟಂ ನಿಮ್ಮ ಡಿಸ್ಕಿಗೆ ಕೊಡುವ ಹೆಸರು ಡಿಎ-0 ಆಗಿರಬಹುದು, ಡಿಎ-1 ಆಗಿರಬಹುದು. ಬೇರೆಯವರ ಸಾಲು ಕಾಪಿ ಹೊಡೆದು ತಪ್ಪು ಡಿಸ್ಕ್ ಒರೆಸಿಕೊಂಡವರು ಕಮ್ಮಿ ಇಲ್ಲ. ಟೂಲ್‌ಗಳ ಹೆಸರು ಹೇಳುತ್ತೇನೆ, ಮ್ಯಾನ್ ಪೇಜ್ (ಸಿಸ್ಟಂ ಜೊತೆಗೇ ಬರುವ ಕೈಪಿಡಿ) ತೆರೆದು ನಿಮ್ಮ ಕೈಯಿಂದಲೇ ಟೈಪ್ ಮಾಡಿ.

ಮೊದಲು ಡಿಸ್ಕ್

ಪೆನ್‌ಡ್ರೈವ್ ಬೇಡ. ಮನೆಯ ಓಪನ್‌ಬಿಎಸ್‌ಡಿ ಪೆಟ್ಟಿಗೆಯ ಕಾನ್ಫಿಗ್ ಫೈಲ್‌ಗಳಿಗೆ ಹೆಚ್ಚುವರಿ ನಕಲಾಗಿ ಸರಿ, ಇರೋ ಒಂದೇ ಬ್ಯಾಕಪ್ ಅದಾಗಬಾರದು. ಬರೆದು ಬರೆದು ಯಾವತ್ತೋ ಒಂದು ದಿನ ಸದ್ದಿಲ್ಲದೆ ಕೈ ಕೊಡುತ್ತೆ.

ಉಳಿದಿದ್ದು ಮೂರು: ಸ್ವಂತ ಅಡಾಪ್ಟರ್ ಬೇಕಾದ 3.5 ಇಂಚಿನ ದೊಡ್ಡ ಡಿಸ್ಕ್, ಯುಎಸ್‌ಬಿ ಕೇಬಲ್‌ನಿಂದಲೇ ಕರೆಂಟ್ ಎಳೆದುಕೊಳ್ಳುವ 2.5 ಇಂಚಿನದು, ಮತ್ತು ಎಸ್‌ಎಸ್‌ಡಿ. ದೊಡ್ಡದರಲ್ಲಿ ದುಡ್ಡಿಗೆ ಜಾಗ ಜಾಸ್ತಿ ಸಿಗುತ್ತೆ. ಆದರೆ ಪ್ರೆಸ್ಸಿನಲ್ಲಿ ಏನಾಯಿತು ಕೇಳಿ. ಸರ್ವರ್ ಯುಪಿಎಸ್‌ನಲ್ಲಿತ್ತು. ಡಿಸ್ಕಿನ ಅಡಾಪ್ಟರ್ ದಪ್ಪ, ಯುಪಿಎಸ್ಸಿನ ಸಾಕೆಟ್‌ಗೆ ಹಿಡಿಯಲಿಲ್ಲ ಅಂತ ಗೋಡೆಯ ಬೋರ್ಡಿಗೆ ಹಾಕಿದ್ದರು. ಕರೆಂಟ್ ಹೋಯಿತು. ಸರ್ವರ್ ಆರಾಮಾಗಿ ಓಡುತ್ತಿತ್ತು, ಅದು ಬರೆಯುತ್ತಿದ್ದ ಡಿಸ್ಕ್ ಮಾತ್ರ ಕಾಲ ಕೆಳಗಿಂದ ಮಾಯ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವ ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ. ಅದಕ್ಕೇ ನನ್ನ ಓಟು 2.5 ಇಂಚಿಗೆ. ಸರ್ವರ್ ಬದುಕಿದ್ದರೆ ಡಿಸ್ಕೂ ಬದುಕಿರುತ್ತೆ, ಬ್ಯಾಗಿನಲ್ಲಿ ಒಯ್ಯೋಕೂ ಸಲೀಸು.

ಪೋರ್ಟ್ ಯಾವುದು ಅಂತ ನೋಡಿ. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪ್, ಯುಎಸ್‌ಬಿ 3 ಕೊಡಬೇಕಾದ್ದು 900. ತಿರುಗುವ ಡಿಸ್ಕಿಗೆ 500 ಕೆಲವೊಮ್ಮೆ ಸಾಲದು, ಟಿಕ್ ಟಿಕ್ ಅಂತ ಸದ್ದು ಮಾಡಿ ಬಿಟ್ಟುಹೋಗುತ್ತೆ. ವೇಗದ ಲೆಕ್ಕವೂ ಇಲ್ಲೇ. ಯುಎಸ್‌ಬಿ 2ರಲ್ಲಿ ಸೆಕೆಂಡಿಗೆ 35 ಎಂಬಿ ಸಿಕ್ಕರೆ ಖುಷಿಪಡಿ. ಆ ಲೆಕ್ಕದಲ್ಲಿ 600 ಜಿಬಿಗೆ ಹತ್ತಿರ ಹತ್ತಿರ 5 ಗಂಟೆ. ಯುಎಸ್‌ಬಿ 3ರಲ್ಲಿ ಡಿಸ್ಕಿನ ವೇಗವೇ ಮಿತಿ. ಸೆಕೆಂಡಿಗೆ 110 ಎಂಬಿ ಅಂದುಕೊಂಡರೆ ಒಂದೂವರೆ ಗಂಟೆ. ಸಣ್ಣ ಸಣ್ಣ ಫೈಲ್ ಲಕ್ಷಗಟ್ಟಲೆ ಇದ್ದರೆ ಎರಡೂ ಲೆಕ್ಕ ಮರೆತುಬಿಡಿ. ಈಗ ಬರುವ 2.5 ಇಂಚಿನ ಡಿಸ್ಕುಗಳಲ್ಲಿ ಬಹಳಷ್ಟು ಎಸ್‌ಎಂಆರ್ ಬಗೆಯವು. ಹೆಂಚು ಹೊದಿಸಿದ ಹಾಗೆ ಟ್ರ್ಯಾಕ್ ಮೇಲೆ ಟ್ರ್ಯಾಕ್ ಬರೆದಿರುತ್ತಾರೆ. ಒಂದೇ ಸಲ ಉದ್ದಕ್ಕೆ ಬರೆದರೆ ಪರವಾಗಿಲ್ಲ. ಅಲ್ಲಲ್ಲಿ ಅಳಿಸಿ ತಿದ್ದಿ ಬರೆದರೆ ಒಂದು ಹೆಂಚು ಬದಲಿಸೋಕೆ ಸಾಲೇ ಎತ್ತಬೇಕಾಗುತ್ತೆ, ಡಿಸ್ಕ್ ಏದುಸಿರು ಬಿಡುತ್ತೆ. ರಾತ್ರಿ ಓಡುವ ಬ್ಯಾಕಪ್‌ಗೆ ಇದನ್ನು ಸಹಿಸಿಕೊಳ್ಳಬಹುದು.

ಎಸ್‌ಎಸ್‌ಡಿ ಬೀಳಿಸಿದರೂ ತಡೆಯುತ್ತೆ, ಆದರೆ ತಿಂಗಳುಗಟ್ಟಲೆ ಕರೆಂಟಿಲ್ಲದೆ ಬೀರುವಿನಲ್ಲಿ ಇಡುವ ನಕಲಿಗೆ ನಾನು ಅದನ್ನು ಆರಿಸಲ್ಲ.

(ಮೈಸೂರಿನವರಿಗೆ ಮಾತ್ರ ಒಂದು ಕಿವಿಮಾತು. ಆಯುಧಪೂಜೆ ದಿನ ಸರ್ವರ್‌ಗೂ ಡಿಸ್ಕಿಗೂ ಅರಿಶಿನ ಕುಂಕುಮ ತಪ್ಪಲ್ಲ, ತಪ್ಪಲೂಬಾರದು. ಆದರೆ ಬೊಟ್ಟು ಮೇಲಿನ ಮುಚ್ಚಳಕ್ಕೆ ಇಡಿಸಿ. ಒಂದು ವರ್ಷ ಯುಎಸ್‌ಬಿ ಪೋರ್ಟಿನೊಳಗಿಂದ ಹಲ್ಲುಜ್ಜೋ ಬ್ರಷ್ಷಲ್ಲಿ ಕುಂಕುಮ ತೆಗೆದಿದ್ದೇನೆ.)

ಫೈಲ್‌ಸಿಸ್ಟಂ: ಜಗಳ ಇರೋದು ಇಲ್ಲಿ

ಹುಡುಗನ ಲ್ಯಾಪ್‌ಟಾಪ್ ಕಥೆ ಕೇಳಿದವರು ತಕ್ಷಣ ಹೇಳೋದು, "ಹಾಗಾದ್ರೆ ಫ್ಯಾಟ್32 ಹಾಕಿಬಿಡಿ, ಎಲ್ಲಾ ಕಡೆ ಓದುತ್ತೆ." ಓದುತ್ತೆ ನಿಜ. ಆದರೆ ಏನನ್ನು ಓದುತ್ತೆ? ಫ್ಯಾಟ್‌ಗೆ ಫೈಲ್ ಯಾರದು ಅಂತ ಗೊತ್ತಿಲ್ಲ, ಪರ್ಮಿಷನ್ ಗೊತ್ತಿಲ್ಲ, ಸಿಮ್‌ಲಿಂಕ್ (ಇನ್ನೊಂದು ಫೈಲಿನ ಕಡೆ ಕೈ ತೋರಿಸುವ ಗುರುತು) ಗೊತ್ತಿಲ್ಲ, ಹಾರ್ಡ್‌ಲಿಂಕ್ (ಒಂದೇ ಫೈಲಿಗೆ ಇನ್ನೊಂದು ಹೆಸರು) ಗೊತ್ತಿಲ್ಲ. ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಸೆಟ್ಟಿಂಗ್ ಫೈಲ್‌ಗಳಿರುವ ಇಟಿಸಿ ಫೋಲ್ಡರ್ ಹಾಗೇ ಅದರ ಮೇಲೆ ನಕಲು ಮಾಡಿ ವಾಪಸ್ ತಂದರೆ ಎಲ್ಲ ಫೈಲೂ ರೂಟ್ (ಅಡ್ಮಿನ್) ಹೆಸರಲ್ಲಿ, ಒಂದೇ ಪರ್ಮಿಷನ್ನಲ್ಲಿ ಬಂದು ಕೂರುತ್ತವೆ. ಎಕ್ಸ್‌ಫ್ಯಾಟ್‌ನಲ್ಲಿ 4 ಜಿಬಿ ತೊಂದರೆ ಇಲ್ಲ, ಉಳಿದದ್ದೆಲ್ಲ ಅದೇ ಕಥೆ. ಜೊತೆಗೆ ಫ್ರೀಬಿಎಸ್‌ಡಿಯಲ್ಲಿ ಅದಕ್ಕೆ ಫ್ಯೂಸ್ ಪ್ಯಾಕೇಜ್ ಹಾಕಿಕೊಳ್ಳಬೇಕು. ಬರೀ ಪಿಡಿಎಫ್, ಫೋಟೋ ಇಡೋದಾದರೆ ನಡೆಯುತ್ತೆ. ಇಡೀ ಸರ್ವರ್‌ಗೆ ನಡೆಯಲ್ಲ.

ಹಾಗಾಗಿ ನಿಜವಾದ ಪೈಪೋಟಿ ಹಳೇ ಯುಎಫ್‌ಎಸ್‌ಗೂ ಹೊಸ ಕಾಲದ ಫೈಲ್‌ಸಿಸ್ಟಂ ಜೆಡ್‌ಎಫ್‌ಎಸ್‌ಗೂ. ಓಪನ್‌ಬಿಎಸ್‌ಡಿಯವರಿಗೆ ಈ ಪೈಪೋಟಿಯೇ ಇಲ್ಲ, ಅಲ್ಲಿ ಜೆಡ್‌ಎಫ್‌ಎಸ್ ಇಲ್ಲ. ಡಿಸ್ಕ್‌ಲೇಬಲ್‌ನಿಂದ ಡಿಸ್ಕ್ ಭಾಗ ಮಾಡಿ, ಫಾರ್ಮ್ಯಾಟ್ ಮಾಡುವ ನ್ಯೂಎಫ್‌ಎಸ್ ಕೊಟ್ಟರೆ ಎಫ್‌ಎಫ್‌ಎಸ್, ಅಂದರೆ ಯುಎಫ್‌ಎಸ್‌ನ ಅಲ್ಲಿನ ರೂಪ, ಸಿಗುತ್ತೆ. 2020ರಲ್ಲಿ ಬಂದ 6.7ರಿಂದ ಅದು ಹೊಸ ಎಫ್‌ಎಫ್‌ಎಸ್2 ರೂಪದಲ್ಲೇ ಆಗುತ್ತೆ. ಮುಗೀತು.

ಫ್ರೀಬಿಎಸ್‌ಡಿಯ ಯುಎಫ್‌ಎಸ್ ಅಂದರೆ ಹಳೇ ಅಂಬಾಸಿಡರ್ ಕಾರು. ಬಿಚ್ಚಿದರೆ ಏನಿದೆ ಅಂತ ಕಾಣುತ್ತೆ. ಜಿಪಾರ್ಟ್ ಅನ್ನೋ ಟೂಲ್‌ನಲ್ಲಿ ಜಿಪಿಟಿ ಟೇಬಲ್, ಒಂದು ಪಾರ್ಟಿಷನ್, ಅದಕ್ಕೊಂದು ಲೇಬಲ್, ಆಮೇಲೆ ಸಾಫ್ಟ್ ಅಪ್‌ಡೇಟ್ಸ್ (ನಡುವೆ ಕಿತ್ತರೂ ಫೈಲ್‌ಸಿಸ್ಟಂ ಗೊಂದಲವಾಗದ ಹಾಗೆ ಬರೆಯುವ ಆಯ್ಕೆ) ಜೊತೆ ನ್ಯೂಎಫ್‌ಎಸ್. ಕೇಬಲ್ ಎಳೆದುಬಿಟ್ಟರೂ ಸಾಮಾನ್ಯವಾಗಿ ಎಫ್‌ಎಸ್‌ಸಿಕೆ (ತಪಾಸಣೆ ಮಾಡಿ ಸರಿಪಡಿಸುವ ಟೂಲ್) ಓಡಿಸಿದರೆ ಎದ್ದು ಕೂರುತ್ತೆ. ನ್ಯೂಎಫ್‌ಎಸ್ ತಾನಾಗಿಯೇ 8% ಜಾಗ ಎತ್ತಿಡುತ್ತೆ ಅನ್ನೋದು ನೆನಪಿರಲಿ. 1 ಟಿಬಿ ಡಿಸ್ಕಲ್ಲಿ 80 ಜಿಬಿ ಎಲ್ಲಿ ಹೋಯ್ತು ಅಂತ ತಲೆ ಕೆರೆದುಕೊಳ್ಳಬೇಡಿ. ಕಮ್ಮಿ ಮಾಡಬಹುದು, ತೀರಾ ಇಳಿಸಿದರೆ ಡಿಸ್ಕ್ ತುಂಬಿದಾಗ ನಿಧಾನವಾಗುತ್ತೆ. ಯುಎಫ್‌ಎಸ್‌ನ ದೊಡ್ಡ ಕೊರತೆ ಒಂದೇ: ಫೈಲಿನೊಳಗೆ ಎಲ್ಲೋ ಒಂದು ಬಿಟ್ ಕೊಳೆತರೆ ಅದಕ್ಕೆ ಗೊತ್ತಾಗಲ್ಲ. ನಿಮಗೂ ಗೊತ್ತಾಗಲ್ಲ, ಪತ್ರಿಕೆಯಲ್ಲಿ ಗಣೇಶನ ಚಿತ್ರ ಅರ್ಧ ಬೂದಿಯಾಗಿ ಪ್ರಿಂಟ್ ಆಗೋವರೆಗೆ.

ಜೆಡ್‌ಎಫ್‌ಎಸ್ ಅಲ್ಲೇ ಗೆಲ್ಲೋದು. ಪ್ರತಿ ಬ್ಲಾಕಿಗೂ ಚೆಕ್‌ಸಮ್ (ಡೇಟಾ ಬದಲಾಗಿದೆಯಾ ಅಂತ ತಾಳೆ ನೋಡುವ ಅಂಕಿ) ಇದೆ. ತಿಂಗಳಿಗೊಮ್ಮೆ ಸ್ಕ್ರಬ್, ಅಂದರೆ ಪೂರ್ತಿ ತಪಾಸಣೆ, ಓಡಿಸಿದರೆ ಯಾವ ಫೈಲ್ ಕೆಟ್ಟಿದೆ ಅಂತ ಹೆಸರು ಹಿಡಿದು ಹೇಳುತ್ತೆ. ಒಂದೇ ಡಿಸ್ಕ್ ಇದ್ದರೆ ಕೆಟ್ಟ ಫೈಲನ್ನು ರಿಪೇರಿ ಮಾಡಲಾರದು, ಹೇಳಬಲ್ಲದು ಅಷ್ಟೇ. ಆದರೆ ಮೂಲ ಇನ್ನೂ ಸರ್ವರ್‌ನಲ್ಲಿ ಇರುವಾಗಲೇ ಗೊತ್ತಾದರೆ ಸಾಕಲ್ವಾ? ಎಲ್ಲವನ್ನೂ ಎರಡೆರಡು ಸಲ ಬರೆಯುವ ಕಾಪೀಸ್ ಅನ್ನೋ ಸೆಟ್ಟಿಂಗ್ ಇದೆ, ಜಾಗ ಅರ್ಧಕ್ಕೆ ಇಳಿಯುತ್ತೆ. ನಾನು ಅದನ್ನು ಹಾಕಿಲ್ಲ, ಆ ದುಡ್ಡಿಗೆ ಎರಡನೇ ಡಿಸ್ಕ್ ತಗೊಂಡೆ. ಎಲ್‌ಜೆಡ್4 ಕಂಪ್ರೆಷನ್ ಆನ್ ಮಾಡಿಡಿ, ಅದರಿಂದ ನಷ್ಟ ಇಲ್ಲ.

ಇನ್ನು ಜೆಡ್‌ಎಫ್‌ಎಸ್‌ನ ಸಿಟ್ಟು. ಪೂಲ್ (ಜೆಡ್‌ಎಫ್‌ಎಸ್ ತನ್ನ ಡಿಸ್ಕಿನ ಜಾಗವನ್ನು ಕರೆಯೋದು ಹೀಗೆ) ಎಕ್ಸ್‌ಪೋರ್ಟ್ ಮಾಡದೆ, ಅಂದರೆ ಹೇಳಿ ಬಿಡಿಸಿಕೊಳ್ಳದೆ, ಕೇಬಲ್ ಎಳೆದರೆ ಪೂಲ್ ಸಸ್ಪೆಂಡ್ ಆಗಿ ನಿಲ್ಲುತ್ತೆ. ಅದನ್ನು ಮುಟ್ಟುವ ಕಮಾಂಡ್‌ಗಳೆಲ್ಲ ಹಾಗೇ ತೂಗಾಡುತ್ತವೆ. ಎಷ್ಟೋ ಸಲ ಕೊನೆಗೆ ರೀಬೂಟೇ ಗತಿ. ಬ್ಯಾಕಪ್ ಡಿಸ್ಕಿನಿಂದಾಗಿ ಸರ್ವರ್ ರೀಬೂಟ್ ಮಾಡೋದು ಅಂದರೆ ಕೊಡೆ ರಿಪೇರಿಗೆ ಮಳೆಯಲ್ಲಿ ನಿಂತ ಹಾಗೆ. ಯಾರು ಬೇಕಾದರೂ ಬಂದು ಡಿಸ್ಕ್ ಕಿತ್ತುಕೊಂಡು ಹೋಗುವ ಜಾಗದಲ್ಲಿ ಯುಎಫ್‌ಎಸ್ಸೇ ವಾಸಿ.

ಇನ್ನೊಂದು ಗುಂಡಿ, ನಾನೇ ಬಿದ್ದಿದ್ದು. ಸರ್ವರ್‌ನ ಪೂಲನ್ನು ಪೂರ್ತಿ ಪ್ರಾಪರ್ಟಿಗಳ ಸಮೇತ ಯುಎಸ್‌ಬಿ ಪೂಲ್‌ಗೆ ಕಳಿಸಿದ್ದೆ. ಮೌಂಟ್‌ಪಾಯಿಂಟ್ (ಡಿಸ್ಕಿನಲ್ಲಿರೋದು ಯಾವ ಫೋಲ್ಡರ್‌ನಲ್ಲಿ ಕಾಣಬೇಕು ಅನ್ನೋದು) ಕೂಡ ಒಂದು ಪ್ರಾಪರ್ಟಿ. ಮುಂದಿನ ಸಲ ಡಿಸ್ಕ್ ಜೋಡಿಸಿ ಇಂಪೋರ್ಟ್ ಮಾಡಿದಾಗ ಬ್ಯಾಕಪ್‌ನ ಹೋಮ್ ಫೋಲ್ಡರ್ ಬಂದು ಅಸಲಿ ಹೋಮ್ ಮೇಲೆಯೇ ಕೂತಿತು. ಪ್ರೆಸ್ಸಿನವರಿಗೆ ಬೆಳಗ್ಗೆ ಮಾಡಿದ ಕೆಲಸ ಮಾಯವಾಗಿ ಹೋದ ವಾರದ ಫೈಲ್‌ಗಳು ಕಾಣತೊಡಗಿದವು. ಏನೂ ಕಳೆದಿರಲಿಲ್ಲ, ಆದರೆ ಹತ್ತು ನಿಮಿಷ ಎಲ್ಲರ ಮುಖ ನೋಡೋಕಾಗಲಿಲ್ಲ. ಇಂಪೋರ್ಟ್ ಮಾಡುವಾಗ ಬೇರೆ ರೂಟ್ ಫೋಲ್ಡರ್ ಕೊಟ್ಟು ಮಾಡಿ, ಇಲ್ಲವೇ ಮೌಂಟ್ ಮಾಡದೆ ಇಂಪೋರ್ಟ್ ಮಾಡಿ.

ಹಾಗಾದರೆ ಯಾವುದು? ಸರ್ವರ್ ಈಗಾಗಲೇ ಜೆಡ್‌ಎಫ್‌ಎಸ್ ಮೇಲಿದ್ದರೆ ಡಿಸ್ಕಿಗೂ ಜೆಡ್‌ಎಫ್‌ಎಸ್, ಎರಡು ಮಾತಿಲ್ಲ. ಸರ್ವರ್ ಯುಎಫ್‌ಎಸ್ ಮೇಲಿದ್ದು, ನಿಮಗೆ ಜೆಡ್‌ಎಫ್‌ಎಸ್ ಹೊಸದಾಗಿದ್ದರೆ ಯುಎಫ್‌ಎಸ್ ಹಾಕಿ. ಬ್ಯಾಕಪ್ ಡಿಸ್ಕ್ ಹೊಸ ವಿದ್ಯೆ ಕಲಿಯುವ ಜಾಗ ಅಲ್ಲ. ನನ್ನ ಮೊದಲ ಪ್ರಶ್ನೆಗೂ ಇಲ್ಲಿ ಉತ್ತರ ಇದೆ: ಲಿನಕ್ಸ್‌ನಲ್ಲೂ ಓಪನ್‌ಜೆಡ್‌ಎಫ್‌ಎಸ್ ಇರುವುದರಿಂದ ಉಬುಂಟು ಲ್ಯಾಪ್‌ಟಾಪಿನಲ್ಲಿ ಆ ಡಿಸ್ಕ್ ತೆರೆಯಬಹುದು. ಫ್ರೀಬಿಎಸ್‌ಡಿ 13ರಿಂದ, ಅಂದರೆ 2021ರಿಂದ, ಎರಡೂ ಕಡೆ ಇರೋದು ಒಂದೇ ಓಪನ್‌ಜೆಡ್‌ಎಫ್‌ಎಸ್ ಕೋಡ್. ಆದರೆ ಹೊಸ ಆವೃತ್ತಿ ಬಂತು ಅಂತ ಬ್ಯಾಕಪ್ ಪೂಲನ್ನು ಆತುರದಲ್ಲಿ ಅಪ್‌ಗ್ರೇಡ್ ಮಾಡಬೇಡಿ, ಹಳೇ ಮಷೀನ್ ಅದನ್ನು ಒಳಗೇ ಬಿಟ್ಟುಕೊಳ್ಳದೆ ಹೋಗಬಹುದು. ಮತ್ತೆ, ಫ್ರೀಬಿಎಸ್‌ಡಿ ಯುಎಫ್‌ಎಸ್ಸೂ ಓಪನ್‌ಬಿಎಸ್‌ಡಿ ಎಫ್‌ಎಫ್‌ಎಸ್ಸೂ ಒಂದೇ ಮನೆತನದವು ಅಂತ ಒಂದರ ಡಿಸ್ಕನ್ನು ಇನ್ನೊಂದು ಸರಾಗ ಓದುತ್ತೆ ಅಂದುಕೊಳ್ಳಬೇಡಿ. ದಾಯಾದಿಗಳು.

ಬೀಗ ಹಾಕಬೇಕಾ?

ಬೀಗ ಅಂದರೆ ಎನ್‌ಕ್ರಿಪ್ಷನ್, ಪಾಸ್‌ಫ್ರೇಸ್ ಇಲ್ಲದೆ ಓದೋಕಾಗದ ಹಾಗೆ ಮಾಡೋದು. ಡಿಸ್ಕ್ ಕಟ್ಟಡ ಬಿಟ್ಟು ಹೊರಗೆ ಹೋಗುತ್ತದೆ ಅಂದರೆ ಹಾಕಲೇಬೇಕು. ನನ್ನದು ಮೈಸೂರು–ಮಂಡ್ಯ ಬಸ್ಸಿನಲ್ಲಿ, ಊಟದ ಡಬ್ಬಿಯ ಪಕ್ಕ ಕೂತು ಓಡಾಡುತ್ತೆ. ಅದರಲ್ಲಿ ಲಗ್ನಪತ್ರಿಕೆ ಮಾತ್ರ ಅಲ್ಲ, ಜಿಎಸ್‌ಟಿ ಬಿಲ್‌ಗಳು, ಗಿರಾಕಿಗಳ ಫೋನ್ ನಂಬರ್‌ಗಳು ಎಲ್ಲ ಇವೆ.

ಫ್ರೀಬಿಎಸ್‌ಡಿಯಲ್ಲಿ ಹಳೇ ನಂಬಿಕಸ್ತ ಅಂದರೆ ಗೆಲಿ. ಹೆಸರು ಕೇಳಿದರೆ ನಮ್ಮದೇ ಅನ್ನಿಸುತ್ತೆ. ಪಾರ್ಟಿಷನ್ ಮೇಲೆ ಗೆಲಿ, ಅದರ ಮೇಲೆ ಯುಎಫ್‌ಎಸ್ ಅಥವಾ ಜೆಡ್‌ಎಫ್‌ಎಸ್. ಪಾಸ್‌ಫ್ರೇಸ್ ಕೊಟ್ಟರೆ ತೆರೆಯುತ್ತೆ. ಅದರ ಮೆಟಾಡೇಟಾ (ಬೀಗದ ವಿವರ) ಇರೋದು ಕೊನೆಯ ಸೆಕ್ಟರ್‌ನಲ್ಲಿ. ಅದು ಹಾಳಾದರೆ ಪಾಸ್‌ಫ್ರೇಸ್ ನೆನಪಿದ್ದೂ ಪ್ರಯೋಜನ ಇಲ್ಲ. ಇನಿಟ್ ಮಾಡುವಾಗ, ಅಂದರೆ ಮೊದಲ ಸಲ ಬೀಗ ಕೂರಿಸುವಾಗ, ಗೆಲಿ ಅದರ ಒಂದು ನಕಲನ್ನು ವಾರ್ ಒಳಗಿನ ಬ್ಯಾಕಪ್ಸ್ ಫೋಲ್ಡರ್‌ನಲ್ಲಿ ಇಡುತ್ತೆ. ತಮಾಷೆ ನೋಡಿ, ಆ ನಕಲು ಇರೋದು ಸರ್ವರ್‌ನಲ್ಲೇ. ಸರ್ವರ್ ಸತ್ತ ದಿನವೇ ತಾನೇ ಅದು ಬೇಕಾಗೋದು? ಇನ್ನೊಂದು ಕಡೆಗೂ ಕಳಿಸಿಡಿ. ಗೆಲಿ ಡಿಸ್ಕ್ ತೆರೆಯೋಕೆ ಫ್ರೀಬಿಎಸ್‌ಡಿಯೇ ಬೇಕು.

ಜೆಡ್‌ಎಫ್‌ಎಸ್‌ನ ಸ್ವಂತ ಎನ್‌ಕ್ರಿಪ್ಷನ್ ಫೈಲಿನ ಒಳಗಿರೋದನ್ನು ಮುಚ್ಚುತ್ತೆ, ಡೇಟಾಸೆಟ್‌ಗಳ (ಪೂಲಿನೊಳಗಿನ ವಿಭಾಗಗಳ) ಹೆಸರು ಮುಚ್ಚಲ್ಲ. ಆದರೆ ಲಿನಕ್ಸ್‌ನಲ್ಲೂ ತೆರೆಯಬಹುದು, ಕೀ ಲೋಡ್ ಮಾಡದೆಯೇ ಸ್ಕ್ರಬ್ ಓಡಿಸಬಹುದು. ಪ್ರೆಸ್ಸಿನ ಡಿಸ್ಕಿಗೆ ನಾನು ಇದನ್ನೇ ಹಾಕಿದ್ದು. ಓಪನ್‌ಬಿಎಸ್‌ಡಿಯಲ್ಲಿ ಸಾಫ್ಟ್‌ರೇಡ್‌ನ ಕ್ರಿಪ್ಟೋ ವಿಧಾನ: ಡಿಸ್ಕ್‌ಲೇಬಲ್‌ನಲ್ಲಿ ರೇಡ್ ಟೈಪಿನ ಪಾರ್ಟಿಷನ್, ಬಯೋಸಿಟಿಎಲ್‌ಗೆ ಪಾಸ್‌ಫ್ರೇಸ್, ಆಗ ಹೊಸದೊಂದು ಎಸ್‌ಡಿ ಡಿಸ್ಕ್ ಹುಟ್ಟುತ್ತೆ, ಫೈಲ್‌ಸಿಸ್ಟಂ ಅದರ ಮೇಲೆ. ಇನ್‌ಸ್ಟಾಲ್ ಮಾಡುವ ರ‍್ಯಾಮ್‌ಡಿಸ್ಕಿನಲ್ಲೇ ಬಯೋಸಿಟಿಎಲ್ ಇರುತ್ತೆ, ಹಾಗಾಗಿ ಪೆಟ್ಟಿಗೆ ಪೂರ್ತಿ ಸತ್ತರೂ ತೆರೆಯೋಕೆ ದಾರಿ ಇದೆ.

ಯಾವುದೇ ಆಗಲಿ, ಪಾಸ್‌ಫ್ರೇಸ್ ಒಂದು ಕಾಗದದಲ್ಲಿ ಬರೆದು ಗೆಳೆಯನ ಕ್ಯಾಷ್ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಡಿಸ್ಕ್ ಒಂದು ಕಡೆ, ಕಾಗದ ಇನ್ನೊಂದು ಕಡೆ. ನನ್ನ ತಲೆಯಲ್ಲಿ ಮಾತ್ರ ಇದ್ದರೆ ನಾನು ಜ್ವರ ಬಂದು ಮಲಗಿದ ದಿನ ಪ್ರೆಸ್ ಮುಚ್ಚಬೇಕಾಗುತ್ತೆ.

ನಕಲು ಮಾಡೋಕೆ ಯಾವ ಟೂಲ್

ಜೆಡ್‌ಎಫ್‌ಎಸ್‌ನಿಂದ ಜೆಡ್‌ಎಫ್‌ಎಸ್‌ಗೆ ಆದರೆ ಸೆಂಡ್, ರಿಸೀವ್. ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪಡಿಯಚ್ಚು) ತೆಗೆದು, ಹಿಂದಿನದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮಾತ್ರ ಕಳಿಸುತ್ತೆ. ಫೈಲ್ ಫೈಲ್ ಹುಡುಕಿಕೊಂಡು ಹೋಗುವ ಗೋಜಿಲ್ಲ. ಮೊದಲ ಸಲ ಗಂಟೆಗಟ್ಟಲೆ, ಆಮೇಲೆ ಟೀ ಕುಡಿದು ಬರೋವಷ್ಟರಲ್ಲಿ ಮುಗಿದಿರುತ್ತೆ. ಆದರೆ ಎರಡೂ ಕಡೆ ಒಂದು ಸಮಾನ ಸ್ನ್ಯಾಪ್‌ಶಾಟ್ ಇರಲೇಬೇಕು. ಎರಡು ಡಿಸ್ಕ್ ಅದಲು ಬದಲು ಮಾಡುವವರು ಇಲ್ಲೇ ಎಡವೋದು: ಎ ಡಿಸ್ಕ್ ಎರಡು ವಾರ ಮಂಡ್ಯದಲ್ಲಿದ್ದಾಗ, ಅದಕ್ಕೆ ಬೇಕಾದ ಹಳೇ ಸ್ನ್ಯಾಪ್‌ಶಾಟನ್ನು ಸರ್ವರ್‌ನಲ್ಲಿ ಕ್ಲೀನಪ್ ಸ್ಕ್ರಿಪ್ಟ್ ಅಳಿಸಿಬಿಟ್ಟಿರುತ್ತೆ. ಮತ್ತೆ ಮೊದಲಿಂದ 600 ಜಿಬಿ. ಪ್ರತಿ ಡಿಸ್ಕಿಗೂ ಅದರದೇ ಹೆಸರಲ್ಲಿ ಬುಕ್‌ಮಾರ್ಕ್ ಮಾಡಿಡಿ. ಬುಕ್‌ಮಾರ್ಕ್‌ಗೆ ಜಾಗವೇ ಹಿಡಿಯಲ್ಲ ಅನ್ನಬಹುದು, ಸ್ನ್ಯಾಪ್‌ಶಾಟ್ ಅಳಿಸಿದರೂ ಅದರಿಂದ ಮುಂದುವರಿಸಬಹುದು. ಇನ್ನೊಂದು: ಸೆಂಡ್‌ನಿಂದ ಬಂದದ್ದನ್ನು ಒಂದು ಫೈಲ್ ಮಾಡಿ ಫ್ಯಾಟ್ ಡಿಸ್ಕಲ್ಲೋ ಎಲ್ಲೋ ಇಡಬೇಡಿ. ನಡುವೆ ಒಂದು ಬಿಟ್ ಕೆಟ್ಟರೂ ರಿಸೀವ್ ಅದನ್ನು ಬೇಡ ಅನ್ನುತ್ತೆ. ಪೂಲಿನೊಳಗೆ ರಿಸೀವ್ ಮಾಡಿಯೇ ಇಡಿ.

ಯುಎಫ್‌ಎಸ್‌ಗೆ ಇಡೀ ಫೈಲ್‌ಸಿಸ್ಟಂ ಒಂದೇ ಗಂಟು ಕಟ್ಟುವ ಡಂಪ್, ಇಲ್ಲವೇ ಬದಲಾದ ಫೈಲ್‌ಗಳನ್ನು ನಕಲು ಮಾಡುವ ಆರ್‌ಸಿಂಕ್. ಡಂಪ್ ಹಳೇ ಕಾಲದ್ದು ಅಂತ ನಗಬೇಡಿ. ಬೇಸ್ ಸಿಸ್ಟಂನಲ್ಲೇ ಬರುತ್ತೆ, 0ಯಿಂದ 9ರವರೆಗೆ ಲೆವೆಲ್ ಇದೆ (0 ಅಂದರೆ ಪೂರ್ತಿ, ಮೇಲಿನದು ಅದಕ್ಕಿಂತ ಕೆಳಗಿನ ಲೆವೆಲ್ ಆದಮೇಲೆ ಬದಲಾದದ್ದು ಮಾತ್ರ), ಫ್ರೀಬಿಎಸ್‌ಡಿಯಲ್ಲಿ ಓಡುತ್ತಿರುವ ಫೈಲ್‌ಸಿಸ್ಟಂನ ಸ್ನ್ಯಾಪ್‌ಶಾಟ್ ತೆಗೆದುಕೊಂಡು ಡಂಪ್ ಮಾಡಬಲ್ಲದು. ಡಂಪ್ ಬಿಚ್ಚುವ ಟೂಲ್ ರಿಸ್ಟೋರ್‌ನ ಇಂಟರ್‌ಆಕ್ಟಿವ್ ಮೋಡ್‌ನಲ್ಲಿ ಫೋಲ್ಡರ್ ಒಳಗೆ ಓಡಾಡಿ ಬೇಕಾದ ಒಂದೇ ಫೈಲ್ ಹೆಕ್ಕಿಕೊಳ್ಳಬಹುದು. ಆದರೆ ಯಾವಾಗ ಯಾವ ಲೆವೆಲ್ ಆಯ್ತು ಅನ್ನೋ ಲೆಕ್ಕ ಡಂಪ್‌ಡೇಟ್ಸ್ ಅನ್ನೋ ಒಂದೇ ಫೈಲಿನಲ್ಲಿ ಇರುತ್ತೆ. ಡಿಸ್ಕ್ ಎರಡು, ಲೆಕ್ಕದ ಪುಸ್ತಕ ಒಂದು. ಮಂಡ್ಯದಲ್ಲಿರುವ ಡಿಸ್ಕಿನ ಲೆವೆಲ್ 0 ನಂಬಿ ಇಲ್ಲಿರುವ ಡಿಸ್ಕಿಗೆ ಲೆವೆಲ್ 1 ಬರೆದರೆ ಯಾವ ಡಿಸ್ಕೂ ಪೂರ್ತಿ ಅಲ್ಲ. ಫ್ರೀಬಿಎಸ್‌ಡಿಯ ಡಂಪ್‌ಗೆ ಪ್ರತಿ ಡಿಸ್ಕಿಗೂ ಬೇರೆ ಲೆಕ್ಕದ ಫೈಲ್ ತೋರಿಸಬಹುದು. ಮನೆಯ 20 ಜಿಬಿಗೆ ನಾನು ಆ ತಲೆನೋವೇ ಬೇಡ ಅಂತ ಪ್ರತಿ ಸಲ ಲೆವೆಲ್ 0 ತೆಗೆಯುತ್ತೇನೆ.

ಆರ್‌ಸಿಂಕ್‌ನ ಗುಣ ಅಂದರೆ ನಕಲು ನಕಲಿನ ಹಾಗೇ ಕಾಣುತ್ತೆ. ಫೋಲ್ಡರ್ ತೆರೆದರೆ ಫೈಲ್. ರಿಸ್ಟೋರ್ ಗೊತ್ತಿಲ್ಲದವರೂ ಕಾಪಿ ಮಾಡಿಕೊಳ್ಳಬಹುದು. ಲಿಂಕ್-ಡೆಸ್ಟ್ ಆಯ್ಕೆ ಕೊಟ್ಟರೆ ದಿನಕ್ಕೊಂದು ಫೋಲ್ಡರ್ ಆಗುತ್ತೆ, ಬದಲಾಗದ ಫೈಲ್‌ಗಳಿಗೆ ಹಾರ್ಡ್‌ಲಿಂಕ್ ಮಾತ್ರ. ಫ್ರೀಬಿಎಸ್‌ಡಿಯಲ್ಲಿ ಪ್ಯಾಕೇಜ್ ಆಗಿ ಹಾಕಿಕೊಳ್ಳಿ. ಓಪನ್‌ಬಿಎಸ್‌ಡಿಯ ಬೇಸ್‌ನಲ್ಲೇ ಓಪನ್‌ಆರ್‌ಸಿಂಕ್ ಇದೆ, ಆಯ್ಕೆಗಳು ಕಮ್ಮಿ. ಡಿಲೀಟ್ ಆಯ್ಕೆ ಹಾಕಿ ಒಂದೇ ಫೋಲ್ಡರ್‌ಗೆ ಕನ್ನಡಿ ಹಿಡಿದ ಹಾಗೆ ನಕಲು ಮಾಡೋದು ಮಾತ್ರ ಬ್ಯಾಕಪ್ ಅಲ್ಲ. ಸರ್ವರ್‌ನಲ್ಲಿ ಬೆಳಗ್ಗೆ ಅಳಿಸಿದ ಲಗ್ನಪತ್ರಿಕೆ ರಾತ್ರಿ ಡಿಸ್ಕಿನಲ್ಲೂ ಅಳಿಸಿರುತ್ತೆ.

ರೆಸ್ಟಿಕ್, ಬೋರ್ಗ್ ಅನ್ನೋ ಬ್ಯಾಕಪ್ ಪ್ರೋಗ್ರಾಂಗಳು ಎರಡೂ ಚೆನ್ನಾಗಿವೆ, ಬೀಗ, ಡಿಡೂಪ್ಲಿಕೇಷನ್ (ಒಂದೇ ಡೇಟಾ ಎರಡು ಸಲ ಇಡದಿರೋದು) ಎಲ್ಲ ಒಳಗೇ ಇದೆ. ಇಂಟರ್‌ನೆಟ್ ಮೇಲೆ ಕಳಿಸೋದಾದರೆ ಅವನ್ನೇ ಹೇಳುತ್ತಿದ್ದೆ. ಕೈಯಲ್ಲಿರುವ ಡಿಸ್ಕಿಗೆ ನನಗೆ ಅವು ಬೇಕು ಅನ್ನಿಸಿಲ್ಲ.

ಚುಚ್ಚಿಡೋದಾ, ಬಿಚ್ಚಿಡೋದಾ

ಯಾವಾಗಲೂ ಚುಚ್ಚಿಟ್ಟರೆ ದಿನಾ ರಾತ್ರಿ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಪ್ರೋಗ್ರಾಂ) ತಾನಾಗಿ ಬ್ಯಾಕಪ್ ಓಡಿಸುತ್ತೆ, ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ. ಆದರೆ ಸಿಡಿಲಾಗಲಿ, ಕಳ್ಳನಾಗಲಿ, ರೂಟ್ ಆಗಿ ತಪ್ಪು ಟೈಪ್ ಮಾಡುವ ನಾನಾಗಲಿ ಎರಡನ್ನೂ ಒಟ್ಟಿಗೇ ಮುಗಿಸಬಹುದು. ಬಿಚ್ಚಿಟ್ಟರೆ ಸುರಕ್ಷಿತ, ಚುಚ್ಚೋಕೆ ಮರೆತುಹೋಗುತ್ತೆ. ಅದಕ್ಕೇ ಎರಡು ಡಿಸ್ಕ್. ಒಂದು ಮೈಸೂರಿನಲ್ಲಿ ಸರ್ವರ್ ಹಿಂದೆ, ಇನ್ನೊಂದು 45 ಕಿಲೋಮೀಟರ್ ಆಚೆ ಮಂಡ್ಯದ ನಮ್ಮ ಮನೆಯ ಟ್ರಂಕಿನಲ್ಲಿ. ಎರಡು ವಾರಕ್ಕೊಮ್ಮೆ ಶನಿವಾರ ಅದಲು ಬದಲು.

ಡಿಸ್ಕ್ ಬಂದು ಹೋಗಿ ಮಾಡುತ್ತೆ ಅಂದರೆ ಎಫ್‌ಎಸ್‌ಟ್ಯಾಬ್ (ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅನ್ನೋ ಪಟ್ಟಿ) ಬಗ್ಗೆ ಹುಷಾರಾಗಿರಿ. ನೋಆಟೋ (ತಾನಾಗಿ ಮೌಂಟ್ ಮಾಡಬೇಡ ಅನ್ನೋ ಆಯ್ಕೆ) ಹಾಕದೆ ಸಾಲು ಬರೆದಿದ್ದೆ. ಒಂದು ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಖಾಲಿಯಾಗಿ, ಬೆಳಗ್ಗೆ ಸರ್ವರ್ ಮತ್ತೆ ಎದ್ದಾಗ ಡಿಸ್ಕ್ ಅಲ್ಲಿರಲಿಲ್ಲ. ಫ್ರೀಬಿಎಸ್‌ಡಿ ಬೂಟ್ ನಿಲ್ಲಿಸಿ ಸಿಂಗಲ್ ಯೂಸರ್ ಮೋಡ್‌ನಲ್ಲಿ ಕಾಯುತ್ತಾ ಕೂತಿತು. ನಾನು ಮಂಡ್ಯದಿಂದ ಬರೋವರೆಗೆ ಪ್ರೆಸ್ಸಿನಲ್ಲಿ ಎಲ್ಲರೂ ಪೇಪರ್ ಓದುತ್ತಿದ್ದರು. ನೋಆಟೋ ಹಾಕಿ, ಕೊನೆಯ ಪಾಸ್ ಅಂಕಣದಲ್ಲಿ 0 ಹಾಕಿ. ಡಿಎ-0 ಅಂತ ಬರೆಯಬೇಡಿ, ಇನ್ನೊಂದು ಪೆನ್‌ಡ್ರೈವ್ ಮೊದಲೇ ಚುಚ್ಚಿದ್ದರೆ ನಿಮ್ಮ ಡಿಸ್ಕ್ ಡಿಎ-1 ಆಗಿರುತ್ತೆ. ಜಿಪಿಟಿ ಲೇಬಲ್ ಬರೆಯಿರಿ. ಓಪನ್‌ಬಿಎಸ್‌ಡಿಯಲ್ಲಿ ಡಿಯುಐಡಿ ಅನ್ನೋ 16 ಅಕ್ಷರದ ಗುರುತು ಇದೆ, ಅದನ್ನು ಬಳಸಿ. ಜೆಡ್‌ಎಫ್‌ಎಸ್‌ಗೆ ಈ ರಗಳೆ ಇಲ್ಲ, ತನ್ನ ಡಿಸ್ಕನ್ನು ಅದೇ ಗುರುತು ಹಿಡಿಯುತ್ತೆ.

ಇದರ ತಮ್ಮನಂಥ ಇನ್ನೊಂದು ತೊಂದರೆ: ಡಿಸ್ಕ್ ಮೌಂಟ್ ಆಗಿಲ್ಲ, ಸ್ಕ್ರಿಪ್ಟ್‌ಗೆ ಅದು ಗೊತ್ತಿಲ್ಲ. ಖಾಲಿ ಮೌಂಟ್‌ಪಾಯಿಂಟ್ ಫೋಲ್ಡರ್‌ಗೇ 600 ಜಿಬಿ ಸುರಿಯೋಕೆ ಹೊರಡುತ್ತೆ, ರೂಟ್ ಡಿಸ್ಕ್ ತುಂಬಿಹೋಗುತ್ತೆ. ಸ್ಕ್ರಿಪ್ಟ್‌ನಲ್ಲಿ ಮೌಂಟ್ ಆಗಿದೆಯಾ ಅಂತ ಮೊದಲು ನೋಡಿ. ಜೊತೆಗೆ ಬಿಎಸ್‌ಡಿಯವರಿಗೆ ಸಿಗುವ ಒಂದು ಒಳ್ಳೇ ಉಪಾಯ: ಖಾಲಿ ಫೋಲ್ಡರ್‌ಗೆ ಸಿಎಚ್‌ಫ್ಲ್ಯಾಗ್ಸ್‌ನಿಂದ ಎಸ್‌ಸಿಎಚ್‌ಜಿ ಫ್ಲ್ಯಾಗ್ ಹಾಕಿಬಿಡಿ. ಆಮೇಲೆ ರೂಟ್ ಕೂಡ ಅದರಲ್ಲಿ ಫೈಲ್ ಹುಟ್ಟಿಸಲಾರ. ಅದರ ಮೇಲೆ ಡಿಸ್ಕ್ ಮೌಂಟ್ ಮಾಡೋಕೆ ಮಾತ್ರ ಅಡ್ಡಿ ಇಲ್ಲ. ಡಿಸ್ಕ್ ಇಲ್ಲದ ರಾತ್ರಿ ಸ್ಕ್ರಿಪ್ಟ್ ತಕ್ಷಣ ಎರರ್ ಕೊಡುತ್ತೆ, ಬೆಳಗ್ಗೆ ಮೇಲ್ ಬರುತ್ತೆ.

ಡಿಸ್ಕ್ ಚುಚ್ಚಿದ ಕೂಡಲೇ ಬ್ಯಾಕಪ್ ಶುರುವಾಗುವ ಹಾಗೆ ಫ್ರೀಬಿಎಸ್‌ಡಿಯಲ್ಲಿ ಡೆವ್‌ಡಿ, ಓಪನ್‌ಬಿಎಸ್‌ಡಿಯಲ್ಲಿ ಹಾಟ್‌ಪ್ಲಗ್‌ಡಿ ಬಳಸಿ ಮಾಡಬಹುದು. ನೋಡೋಕೆ ಚಂದ, ನಾನು ಮಾಡಿದ್ದೆ, ತೆಗೆದೂ ಹಾಕಿದೆ. ಯೋಚಿಸಿ: ಫೈಲ್ ಕಳೆದುಹೋಗಿದೆ, ಗಾಬರಿಯಲ್ಲಿ ಯಾರೋ ಡಿಸ್ಕ್ ತಂದು ಸರ್ವರ್‌ಗೆ ಚುಚ್ಚುತ್ತಾರೆ, ಉಳಿದಿದ್ದ ಒಳ್ಳೇ ನಕಲಿನ ಮೇಲೆ ಆ ಕ್ಷಣವೇ ಇವತ್ತಿನ ಕೆಟ್ಟ ನಕಲು ಬರೆಯೋಕೆ ಶುರು.

ಈಗ ಪ್ರೆಸ್ಸಿನ ಬೀರುವಿನಲ್ಲಿ ಒಂದು ಜಿಪ್ ಪೌಚ್ ಇದೆ. ಅದರಲ್ಲಿ ಡಿಸ್ಕಿನ ಕೇಬಲ್, ಮತ್ತು ಫ್ರೀಬಿಎಸ್‌ಡಿ ಇನ್‌ಸ್ಟಾಲರ್ ಇರುವ ಒಂದು ಪೆನ್‌ಡ್ರೈವ್. ಅದರಿಂದ ಬೂಟ್ ಮಾಡಿ ಲೈವ್ ಸಿಸ್ಟಂ ಆರಿಸಿಕೊಂಡರೆ ಸಾಕು, ಯಾವ ಪಿಸಿಯೂ ಒಂದು ಗಂಟೆ ಮಟ್ಟಿಗೆ ಫ್ರೀಬಿಎಸ್‌ಡಿ ಆಗುತ್ತೆ, ಯುಎಫ್‌ಎಸ್, ಜೆಡ್‌ಎಫ್‌ಎಸ್, ಗೆಲಿ ಎಲ್ಲವೂ ತೆರೆಯುತ್ತವೆ. ಎರಡೂ ಡಿಸ್ಕಿನ ಮೇಲೆ ಬಿಳಿ ಸ್ಟಿಕರ್ ಅಂಟಿಸಿದ್ದೇನೆ: "ವಿಂಡೋಸ್ ಏನೇ ಕೇಳಿದರೂ ಬೇಡ ಅನ್ನಿ. ಸರ್ವರ್‌ಗೆ ಮಾತ್ರ." ಕಳೆದ ತಿಂಗಳು ಆ ಹುಡುಗನನ್ನೇ ಕೂರಿಸಿ, ನಾನು ಕೈಕಟ್ಟಿ ನಿಂತು, ಒಂದು ಹಳೇ ಪತ್ರಿಕೆ ವಾಪಸ್ ತೆಗೆಸಿದೆ. 25 ನಿಮಿಷ ಹಿಡಿಯಿತು. ಅದರಲ್ಲಿ 15 ನಿಮಿಷ ಪಾಸ್‌ಫ್ರೇಸ್ ಬರೆದ ಕಾಗದ ಹುಡುಕೋಕೆ ಹೋಯಿತು. ಕ್ಯಾಷ್ ಪೆಟ್ಟಿಗೆಯ ತಳದಲ್ಲಿ, ಚಿಲ್ಲರೆ ಚೀಲದ ಕೆಳಗೆ ಸಿಕ್ಕಿತು.